ದೇಬೋರಾಳ ಹನ್ನೆರಡು ಥರ್ಮಾಮೀಟರು

ನಮ್ಮ ಮಗಳು ಗ್ಲೋರಿ ಬೀದರದ ಒಂದು ಸಣ್ಣ ಮಿಶನ್ ದವಾಖಾನೆಯಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಾಳೆ. ಭಾಲ್ಕಿ, ಔರಾದ ಕಡೆಯ ಹಳ್ಳಿಗಳಿಂದ ಆರೋಗ್ಯ ಕಾರ್ಯಕರ್ತೆಯರು ಬಾಣಂತಿಯರ ಜ್ವರ, ಕೂಸುಗಳ ತೂಕ ಫೋನಿನಲ್ಲಿ ಕಳಿಸುತ್ತಾರೆ. ಅದನ್ನು ತೆಗೆದುಕೊಳ್ಳುವ ಸರ್ವರ್ ಗ್ಲೋರಿ ಬರೆದದ್ದು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಇನ್ನೂರು ಫೋನುಗಳು ಒಮ್ಮೆಲೇ ಬಂದವೆಂದರೆ ಅದು ಉಸಿರುಗಟ್ಟಿ ನಿಂತುಬಿಡುತ್ತಿತ್ತು.

ಎರಡು ವಾರ ಹೀಗಾಯಿತು. ಇನ್ನೊಮ್ಮೆ ನಿಂತರೆ ಸರ್ವರ್ ಬಂದ್, ಮೊದಲಿನಂತೆ ಎಲ್ಲರೂ ರಜಿಸ್ಟರ್ ಹಿಡಿದು ಬೀದರಕ್ಕೆ ಬರಲಿ ಎಂದು ಡಾಕ್ಟರಮ್ಮ ಹೇಳಿದರು. ಔರಾದದ ಆಚೆಯ ಹಳ್ಳಿಯ ಕಾರ್ಯಕರ್ತೆ ಆಮ್ರಪಾಲಿ ಇದನ್ನು ಕೇಳಿ ಗ್ಲೋರಿಗೆ ಫೋನ್ ಮಾಡಿ ಅತ್ತಳಂತೆ. ಬಸ್ಸಿನಲ್ಲಿ ಹೋಗಿ ಬರಲು ಇಡೀ ದಿನ ಬೇಕು. ಆ ದಿನ ಅವಳ ಊರಿನ ಕೂಸುಗಳನ್ನು ನೋಡುವವರೇ ಇಲ್ಲ.

ಶನಿವಾರ ಅಂಗಳದಲ್ಲಿ ಕೂತು ಗ್ಲೋರಿ ನಮಗೆ ಬಿಡಿಸಿ ಹೇಳಿದಳು. ಈಗ ಇರುವುದು ಥ್ರೆಡ್ಡುಗಳ ಪದ್ಧತಿ. ಬಂದ ಒಂದೊಂದು ಫೋನಿಗೂ ಒಬ್ಬೊಬ್ಬ ಆಳನ್ನು ಕೂರಿಸಿದ ಹಾಗೆ. ಔರಾದ ಕಡೆ ನೆಟ್‌ವರ್ಕ್ ನಿಧಾನ. ಅರ್ಧ ಮಾತು ಬಂದು ನಿಲ್ಲುತ್ತದೆ, ಆಳು ಸುಮ್ಮನೆ ಕಾಯುತ್ತಾನೆ. ಅಷ್ಟು ಆಳುಗಳಿಗೆ ಆ ಹಳೆಯ ಯಂತ್ರದಲ್ಲಿ ಜಾಗವಿಲ್ಲ. ಇನ್ನೊಂದು ಪದ್ಧತಿ ಇವೆಂಟ್ ಲೂಪ್. ಅಲ್ಲಿ ಒಬ್ಬನೇ ಆಳು ಸುತ್ತು ಹಾಕುತ್ತ, ಯಾರ ಮಾತು ಬಂದು ಮುಟ್ಟಿದೆಯೋ ಅವರದನ್ನು ತೆಗೆದುಕೊಂಡು ಮುಂದೆ ನಡೆಯುತ್ತಾನೆ.

ತೊಗರಿಬೇಳೆ ಆರಿಸುತ್ತಿದ್ದ ನನ್ನ ಹೆಂಡತಿ ದೇಬೋರಾ ತಲೆಯೆತ್ತಿದಳು.

"ಇದನ್ನ ನಾ ಭಾಲ್ಕ್ಯಾಗ ಒಂಬತ್ತ ವರ್ಷ ಮಾಡೇನಿ," ಎಂದಳು.

ನನಗೆ ಎಲ್ಲ ಕಣ್ಣಿಗೆ ಕಟ್ಟಿತು. ಆಗಿನ್ನೂ ನಮ್ಮ ಮದುವೆಯಾಗಿರಲಿಲ್ಲ. ಭಾಲ್ಕಿ ದವಾಖಾನೆಯ ಪಡಸಾಲೆಯಲ್ಲಿ ಉದ್ದನೆಯ ಬೆಂಚು, ಬಿಳಿ ಸೀರೆಯ ನರ್ಸು ದೇಬೋರಾ, ಗಾಜಿನ ಹನ್ನೆರಡು ಥರ್ಮಾಮೀಟರು. ಒಬ್ಬರ ನಾಲಿಗೆಯ ಕೆಳಗೆ ಇಟ್ಟು ಮುಂದಿನವರತ್ತ ಹೋಗುತ್ತಿದ್ದಳು. ಕೊನೆಯವರನ್ನು ಮುಟ್ಟುವ ಹೊತ್ತಿಗೆ ಮೊದಲನೆಯವರ ಪಾದರಸ ಏರಿ ನಿಂತಿರುತ್ತಿತ್ತು. ಬಾಯಿ ತುಂಬಿರುವುದರಿಂದ ಬೆಂಚಿನ ಮೇಲೆ ಜಗಳವೂ ಇರುತ್ತಿರಲಿಲ್ಲ. ಶಾಲೆಗೆ ಹೋಗುವ ಮಾಸ್ತರನೊಬ್ಬ ಆ ಕಿಟಕಿಯ ಹತ್ತಿರ ಯಾಕೆ ನಿಧಾನ ನಡೆಯುತ್ತಿದ್ದ ಎಂಬುದನ್ನು ನಾನು ಅವಳಿಗೆ ಇಂದಿಗೂ ಹೇಳಿಲ್ಲ.

ಗ್ಲೋರಿ ಲೂಪನ್ನೇ ಆರಿಸಿಕೊಂಡಳು. ರವಿವಾರ ಚರ್ಚಿನಿಂದ ಬಂದು, ಇನ್ನೂರು ಸುಳ್ಳು ಫೋನುಗಳನ್ನು ಹೂಡಿ ಪರೀಕ್ಷಿಸಿದಳು. ಐದಾರು ವರದಿ ಬಂದವು, ಮತ್ತೆ ನಿಂತಿತು.

ಕಾರಣ ಹುಡುಕಿದಾಗ ಸಿಕ್ಕದ್ದು ಪ್ರಾರ್ಥನೆಯ ಚೀಟಿ. ಆ ದವಾಖಾನೆಯಲ್ಲಿ ಪ್ರತಿ ವರದಿಯ ರೋಗಿಯ ಹೆಸರು ಚೀಟಿಯಲ್ಲಿ ಅಚ್ಚಾಗಬೇಕು. ಒಂಬತ್ತೂವರೆಯ ಪ್ರಾರ್ಥನೆಯಲ್ಲಿ ಡಾಕ್ಟರಮ್ಮ ಅವನ್ನು ಓದುತ್ತಾರೆ. ಮೊದಲು ಪ್ರಾರ್ಥನೆ, ಆಮೇಲೆ ಕೆಲಸ ಎಂದು ನಾನೇ ಬೆಳೆಸಿದ ಮಗಳು. ಹಾಗಾಗಿ ಚೀಟಿ ಅಚ್ಚಾಗಿ ಬಂದ ಮೇಲೆಯೇ ಮುಂದಿನ ವರದಿ ಎಂದು ಬರೆದಿದ್ದಳು. ಇದ್ದೊಬ್ಬ ಆಳು ಮುದಿ ಪ್ರಿಂಟರಿನ ಮುಂದೆ ನಿಂತುಬಿಟ್ಟಿದ್ದ.

ಚೀಟಿಯನ್ನು ವರದಿಗಿಂತ ಹಿಂದೆ ಹಾಕುವುದು ನನ್ನ ಮನಸ್ಸಿಗೆ ಒಪ್ಪಲಿಲ್ಲ. ಹಾಗೆಂದು ಹೇಳಿಯೂ ಹೇಳಿದೆ.

"ದೇವರಿಗಿ ಕಾಗದ ಬೇಕಾಗಂಗಿಲ್ರೀ ಮಾಸ್ತರ್ರ, ಡಾಕ್ಟರಮ್ಮಗ ಬೇಕು," ಎಂದಳು ದೇಬೋರಾ. ಆಮೇಲೆ ಮಗಳತ್ತ ತಿರುಗಿದಳು. "ಭಾಲ್ಕ್ಯಾಗ ಗಾಯಕ್ಕ ಪಟ್ಟಿ ಕಟ್ಟೋ ಕೆಲಸ ಒಳಗಿನ ಖೋಲ್ಯಾಗ ನನ್ನ ಜೋಡಿ ಇದ್ದ ಕುಲಸುಮಬೀದು. ನಾನೇ ಕಟ್ಟಕೋತ ಕುಂತಿದ್ರ ಬೆಂಚಿನ ಮಂದಿ ಬಾಯಾಗ ಗಾಜಿನ ಕಡ್ಡಿ ಹಂಗೇ ಉಳೀತಿತ್ತು. ಒಳಗ ಕಳಸ್ತಿದ್ದೆ, ಮುಗದ ಮ್ಯಾಲ ಆಕಿ ಕೂಗತಿದ್ಲು."

"ಅಂದ್ರ ಲೂಪು, ಥ್ರೆಡ್ಡು ಎರಡೂ ಬೇಕು ಅಂತೀ, ಮಮ್ಮಿ."

"ನಂಗ ನಿನ್ನ ಎರಡು ಗೊತ್ತಿಲ್ಲ. ಕುಲಸುಮಬೀ ಬೇಕು."

ಸುತ್ತು ಹಾಕುವ ಆಳು ಒಬ್ಬ, ಚೀಟಿಗೆಂದೇ ಬೇರೆ ಒಂದು ಥ್ರೆಡ್. ಸಂಜೆಯೊಳಗೆ ಗ್ಲೋರಿ ಬರೆದು ಮುಗಿಸಿದಳು. ಎಲ್ಲರ ಮೊರೆಯನ್ನೂ ಒಮ್ಮೆಲೇ ಕೇಳುವ ಕರ್ತನಿಗೆ ಇಂಥ ಪೇಚಾಟವಿಲ್ಲ. ನಾವು ಮಾತ್ರ ಹಂಚಿಕೊಂಡೇ ಮಾಡಬೇಕು.

ಸೋಮವಾರ ನಾನೂ ಅವಳ ಜೊತೆ ಹೋದೆ. ಒಂಬತ್ತು ಹೊಡೆಯಿತು. ವರದಿಗಳು ಬರುತ್ತಲೇ ಇದ್ದವು, ಒಳಗೆ ಪ್ರಿಂಟರ್ ತನ್ನ ಪಾಡಿಗೆ ತಾನು ಕಿರುಗುಟ್ಟುತ್ತಿತ್ತು. ಹತ್ತು ನಿಮಿಷಕ್ಕೆ ಆಮ್ರಪಾಲಿಯ ಫೋನು.

"ಮುಟ್ಟೇದೇನ್ರಿ ಅಕ್ಕೋರ?"

"ಮುಟ್ಟೇದ. ಕೂಸಿನ ತೂಕ ಎರಡು ಕಿಲೋ ನೂರು ಗ್ರಾಂ."

"ಹೌದ್ರಿ, ನಿನ್ನಿ ಹುಟ್ಟೇದ. ಇಡ್ತೇನ್ರಿ, ಬಾಣಂತಿ ಕರಿಲಕತ್ತಾಳ."

ಪ್ರಾರ್ಥನೆಗೆ ಕೂತೆವು. ರಜಿಸ್ಟರಿನ ಮಾತು ಡಾಕ್ಟರಮ್ಮ ಎತ್ತಲಿಲ್ಲ. ಆ ಕೂಸಿಗಿನ್ನೂ ಹೆಸರಿಟ್ಟಿರಲಿಲ್ಲ. ಚೀಟಿಯಲ್ಲಿ 'ಕೂಸು' ಎಂದಷ್ಟೇ ಇತ್ತು. ಅವರು ಅದನ್ನೇ ಓದಿ ಕಣ್ಣು ಮುಚ್ಚಿದರು.