ಮೂವರು ಹೆಂಗಸರು, ಒಂದು ಬಾಟಲಿ ಧೂಳು

ಕೆಮ್ಮಿನ ಸಿರಪ್ ನಾಲ್ಕು ಬಾಟಲಿ, ನೂರ ನಲವತ್ತು ದಿರ್ಹಮ್. ಔಷಧದ ಹಬೆ ಕೊಡುವ ಮಿಶನ್ ನೂರ ಅರವತ್ತು. ಇನ್ಶೂರೆನ್ಸ್ ಇದ್ದರೂ ಕ್ಲಿನಿಕ್‌ಗೆ ಹೋದಾಗಲೆಲ್ಲ ಕೈಯಿಂದ ಕೊಡುವುದು ಅರವತ್ತು, ಮೂರು ಸಲಕ್ಕೆ ನೂರ ಎಂಬತ್ತು. ಟ್ಯಾಕ್ಸಿಗೆ ನೂರ ಅರವತ್ತು. ಎಲ್ಲ ಸೇರಿ ಆರುನೂರ ನಲವತ್ತು. ಪರಿಚಯದವರಿಗೆ ಒಂದು ಬ್ಲೌಸ್ ಹೊಲಿದುಕೊಟ್ಟರೆ ಸ್ವರ್ಣಲತಾಳಿಗೆ ಸಿಗುವುದು ನಲವತ್ತು. ಎರಡು ತಿಂಗಳಲ್ಲಿ ಹದಿನಾರು ಬ್ಲೌಸು ಮಗಳ ಕೆಮ್ಮಿಗೇ ಹೋಯಿತು. ಕೆಮ್ಮು ಮಾತ್ರ ಹೋಗಲಿಲ್ಲ.

ಮಗಳು ಅಶ್ಮಿತಾಳಿಗೆ ಐದು ವರ್ಷ. ಗಂಡ ಸುಜಿತ್ ಜೆಬೆಲ್ ಅಲಿಯ ಒಂದು ವರ್ಕ್‌ಶಾಪಿನಲ್ಲಿ ಅಡುಗೆ ಕಟ್ಟೆಗೆ ಹಾಕುವ ಕಲ್ಲಿನ ಹಲಗೆ ಕತ್ತರಿಸುತ್ತಾನೆ. ಮೂವರೂ ಇರುವುದು ನೈಫ್ ಪೇಟೆಯ ಹಳೆಯ ಕಟ್ಟಡದ ಒಂದು ಕೋಣೆಯಲ್ಲಿ. ಸಂಜೆ ಕಂಪನಿಯ ಬಸ್ಸಿಳಿದು ಅಪ್ಪ ಬಾಗಿಲು ತೆರೆದರೆ ಸಾಕು, ಮಗು ಓಡಿ ಹೋಗಿ ಕಾಲು ತಬ್ಬಿಕೊಳ್ಳುತ್ತದೆ. ಪ್ಯಾಂಟಿನಿಂದ ಬಿಳಿ ಪುಡಿ ಭುಸ್ಸೆಂದು ಏಳುತ್ತದೆ.

“ಪಪ್ಪಾ, ಯೂ ಆರ್ ಎ ಸ್ನೋಮ್ಯಾನ್!”

ಅಪ್ಪನೂ ನಗುತ್ತಾನೆ, ಅಮ್ಮನೂ ನಗುತ್ತಾಳೆ. ಆಮೇಲೆ ಸ್ವರ್ಣಲತಾ ಆ ಬಟ್ಟೆಯನ್ನು ಮೂಲೆಯಲ್ಲಿ ನಿಂತು ನಾಲ್ಕು ಸಲ ಕೊಡವಿ, ಮಗುವಿನ ಯೂನಿಫಾರ್ಮ್ ಜೊತೆಗೇ ಮಿಶನ್ನಿಗೆ ಹಾಕುತ್ತಾಳೆ. ಬಾಲ್ಕನಿಯಲ್ಲಿ ಬಟ್ಟೆ ತೂಗುಹಾಕಿದರೆ ದಂಡ ಹಾಕುತ್ತಾರೆಂಬ ಭಯ. ಕಿಟಕಿ ತೆರೆದರೆ ಬಿಸಿ ಗಾಳಿ. ಎಸಿ ಮಾತ್ರ ಹಗಲು ರಾತ್ರಿ ಅದೇ ಗಾಳಿಯನ್ನು ತಿರುಗಿಸುತ್ತಿರುತ್ತದೆ.

ಒಂದು ಸಂಜೆ ಪಕ್ಕದ ಕೋಣೆಯ ನರ್ಸ್ ಜೋಯ್ಲಿನ್ ಚಹಾಪುಡಿ ಕೇಳಲು ಬಂದವಳು ಬಾಗಿಲಲ್ಲೇ ನಿಂತಳು.

“ಸ್ವರ್ಣಕ್ಕಾ, ಎಂತ ಮಾಡ್ತಾ ಇದ್ದೀರಿ?”

“ಕಾಣುದಿಲ್ವಾ? ಇವರ ಬಟ್ಟೆ ಕೊಡವ್ತಾ ಇದ್ದೇನೆ.”

“ಮಗುವಿನ ಮೂಗಿನ ಹತ್ತಿರ! ಅದು ಬರೀ ಮಣ್ಣಲ್ಲ, ಕಲ್ಲಿನ ಧೂಳು. ಎದೆಯೊಳಗೆ ಹೋಗಿ ಕೂತ್ರೆ ಹೊರಗೆ ಬರುದಿಲ್ಲ. ಇವಳ ಕೆಮ್ಮು ಕಡಿಮೆ ಆಗದ್ದು ಎಂತಕ್ಕೆ ಅಂತ ಯೋಚನೆ ಮಾಡಿದ್ದುಂಟಾ?”

ಸ್ವರ್ಣಲತಾಳಿಗೆ ಸಿಟ್ಟು ಬಂತು. “ದುಡಿದು ಬರುವವರ ಮೈಯಲ್ಲಿ ಧೂಳು ಇರದೆ ಸೆಂಟು ಇರ್ತದಾ ಸಿಸ್ಟರ್? ಗಂಡನ ಬಟ್ಟೆ ಒಗೆಯುವುದು ಹೆಂಡತಿಯ ಕೆಲಸ. ನಮ್ಮಮ್ಮನೂ ಒಗೆದದ್ದೇ.”

ಜೋಯ್ಲಿನ್ ಚಹಾಪುಡಿ ಮರೆತು ಮಂಚದ ತುದಿಯಲ್ಲಿ ಕುಳಿತಳು. “ಮಿರ್ದಿಫ್‌ನಲ್ಲಿ ನಾನು ನೋಡಿಕೊಳ್ಳುವ ಅಜ್ಜಿ ಉಂಟಲ್ಲ, ಅವಳು ವೇಲ್ಸ್ ದೇಶದವಳು. ಅವಳ ಅಜ್ಜಿಯೂ ನಿಮ್ಮ ಹಾಗೆಯೇ ಹೇಳ್ತಿದ್ದಳಂತೆ. ಅಲ್ಲಿ ಗಂಡಸರೆಲ್ಲ ಕಲ್ಲಿದ್ದಲು ಗಣಿಗೆ ಹೋಗುವವರು. ಕರೀ ಮೈಯಲ್ಲೇ ಮನೆಗೆ ಬರುವುದು. ಹೆಂಡತಿ ಹಂಡೆಗಟ್ಟಲೆ ಬಿಸಿನೀರು ಹೊತ್ತು ಅಡುಗೆಮನೆಯಲ್ಲೇ ಸ್ನಾನಕ್ಕೆ ಇಡುವುದು. ಹೊತ್ತೂ ಹೊತ್ತೂ ಎಷ್ಟೋ ಬಸುರಿಯರ ಗರ್ಭ ಇಳಿದು ಹೋಯಿತು. ಕುದಿನೀರು ಬಿದ್ದು ಮಕ್ಕಳು ಸತ್ತವು.”

“ಅಯ್ಯೋ ದೇವರೇ! ಮತ್ತೆ?”

“ಎಲಿಜಬೆತ್ ಆಂಡ್ರ್ಯೂಸ್ ಅಂತ ಒಬ್ಬಳಿದ್ದಳು. ಗಣಿ ಕೆಲಸದವನ ಮಗಳು. ಒಟ್ಟು ಹನ್ನೊಂದು ಮಕ್ಕಳಂತೆ ಆ ಮನೆಯಲ್ಲಿ. ಹನ್ನೆರಡಕ್ಕೆ ಶಾಲೆ ಬಿಟ್ಟು, ಮತ್ತೆ ನಿಮ್ಮ ಹಾಗೆ ಹೊಲಿಗೆ ಕಲಿತವಳು. ಹೆಂಗಸರಿಗೆ ವೋಟು ಬೇಕು ಅಂತ ಓಡಾಡಿದಳು, ಲೇಬರ್ ಪಾರ್ಟಿಗೆ ಹೆಂಗಸರನ್ನು ಸೇರಿಸಿದಳು. ಹೆಂಗಸರಿಗೆ ಮೊದಲು ವೋಟು ಸಿಕ್ಕಿದ ಮರುವರ್ಷವೇ, ಇನ್ನಿಬ್ಬರು ಗಣಿ ಕೆಲಸದವರ ಹೆಂಡಿರ ಜೊತೆ ಲಂಡನ್ನಿಗೆ ಹೋಗಿ ದೊಡ್ಡ ದೊಡ್ಡವರ ಎದುರು ನಿಂತು ಹೇಳಿದಳು: ಗಣಿಯ ಬಾಯಲ್ಲೇ ಬಚ್ಚಲುಮನೆ ಕಟ್ಟಿ ಅಂತ. ಕಡೆಗೆ ಕಟ್ಟಿದರು!”

“ಗಂಡಸರು ಖುಷಿಪಟ್ಟಿರಬೇಕು.”

“ಎಲ್ಲಿಯ ಖುಷಿ! ಬೆನ್ನು ತೊಳೆದರೆ ಸೊಂಟದ ಬಲ ಹೋಗ್ತದೆ ಅಂತ ಹೇಳುವವರೂ ಇದ್ದರಂತೆ.”

ಸ್ವರ್ಣಲತಾ ಗೊಳ್ಳೆಂದು ನಕ್ಕಳು. ಆದರೆ ಕೈಯಲ್ಲಿದ್ದ ಪ್ಯಾಂಟನ್ನು ಮತ್ತೆ ಕೊಡವಲಿಲ್ಲ.

ಸುಜಿತ್ ಸುಲಭಕ್ಕೆ ಒಪ್ಪುವವನಲ್ಲ. “ನಮ್ಮ ಬಸ್ಸು ಆರಕ್ಕೆ ಬಿಡ್ತದೆ. ಸ್ನಾನ ಮಾಡ್ತಾ ನಿಂತ್ರೆ ಜೆಬೆಲ್ ಅಲಿಯಿಂದ ನಡ್ಕೊಂಡು ಬರ್ಬೇಕಾ?”

“ಅಲ್ಲಿ ಬಾತ್‌ರೂಮು ಉಂಟಾ?”

“ನಾಲ್ಕು ಉಂಟು. ಒಳಗೆ ಕಾರ್ಟನ್ ತುಂಬಿಸಿ ಇಟ್ಟಿದ್ದಾರೆ.”

“ಖಾಲಿ ಮಾಡಿಸಿ ಅಂತ ಕೇಳಿ.”

“ನಿನಗೇನು, ಹೇಳ್ತೀ! ವೀಸಾ ಅವರ ಕೈಯಲ್ಲಿ. ನಾಳೆ ಖಲಾಸ್ ಅಂದ್ರೆ ಮೂವರೂ ಗಂಟುಮೂಟೆ ಕಟ್ಟಬೇಕು.”

ಮಾತು ನಿಜ. ಒಂದು ಕಡೆ ಮಗುವಿನ ಎದೆ, ಇನ್ನೊಂದು ಕಡೆ ಮೂವರ ಅನ್ನ. ಸ್ವರ್ಣಲತಾ ಜಗಳಕ್ಕೆ ಇಳಿಯಲಿಲ್ಲ. ಮರುದಿನದಿಂದ ಗಂಡನ ಬಟ್ಟೆಯನ್ನು ಬೇರೆಯೇ ಬಕೆಟ್ಟಿನಲ್ಲಿ ನೆನೆಸಿದಳು. ನೀರು ತಿಳಿಯಾದ ಮೇಲೆ ಮೆಲ್ಲಗೆ ಬಸಿದು, ಅಡಿಯಲ್ಲಿ ಉಳಿದ ಬಿಳಿ ಕೆಸರನ್ನು ಖಾಲಿ ಹಾರ್ಲಿಕ್ಸ್ ಬಾಟಲಿಗೆ ಹಾಕಿಟ್ಟಳು. ಒಂದು ವಾರದಲ್ಲಿ ಬಾಟಲಿಯೊಳಗೆ ನಾಲ್ಕು ಬೆರಳು ಎತ್ತರ ಧೂಳು ಒಣಗಿ ಕೂತಿತು. ಮುಚ್ಚಳ ಬಿಗಿ ಮಾಡಿದಳು.

ಸುಜಿತ್‌ನ ಜೊತೆ ಕೆಲಸ ಮಾಡುವ ನಿಝಾಮ್‌ನ ಹೆಂಡತಿ ಮೆಹರುನ್ನಿಸ ಅದನ್ನು ನೋಡಿ ಕಣ್ಣರಳಿಸಿದಳು. “ಇಷ್ಟು ನಮ್ಮ ಮನೆಯೊಳಗಾ? ಸ್ವರ್ಣಕ್ಕಾ, ನಾನೂ ಬರ್ತೇನೆ. ಮ್ಯಾನೇಜರ್ ಮುಹಿಯುದ್ದೀನ್ ಕಾಕ ನಮ್ಮ ಉಪ್ಪಿನಂಗಡಿ ಕಡೆಯವರೇ. ಕಚ್ಚುವುದಿಲ್ಲ.”

ಬೈಯಲು ಹೋಗುವುದಲ್ಲ, ಕೇಳಲು ಹೋಗುವುದು ಎಂದು ಜೋಯ್ಲಿನ್ ಸೇರಿ ಮೂವರೂ ಮೊದಲೇ ಮಾತಾಡಿಕೊಂಡರು. ಮೆಹರುನ್ನಿಸ ಫೋನು ಮಾಡಿ ಹತ್ತು ನಿಮಿಷ ಕೇಳಿದಳು, ಮ್ಯಾನೇಜರ್ ಬನ್ನಿ ಅಂದರು. ಜೋಯ್ಲಿನ್ ರಜೆಯ ದಿನ ನೋಡಿ ಜೊತೆಯಾದಳು. ಮೆಟ್ರೋದ ಹೆಂಗಸರ ಡಬ್ಬಿಯಲ್ಲಿ ಮೂವರೂ ಒಂದೇ ಸಾಲಿನಲ್ಲಿ ಕೂತರು. ಸ್ವರ್ಣಲತಾಳ ಮಡಿಲಲ್ಲಿ ಬಾಟಲಿ. ತಲೆ ತಗ್ಗಿಸಿ ಅದರ ಮುಚ್ಚಳವನ್ನೇ ಮತ್ತೆ ಮತ್ತೆ ಬಿಗಿ ಮಾಡುತ್ತಿದ್ದಳು.

“ಯಲ್ಲಾ ಯಲ್ಲಾ, ಹೆದರಿಕೆ ಬಿಡಿ,” ಎಂದು ಅರಬಿ ಬೆರೆಸಿ ಹುರಿದುಂಬಿಸಿದಳು ಮೆಹರುನ್ನಿಸ. “ಮದುಮಗಳ ಹಾಗೆ ಕೂತಿದ್ದೀರಿ!”

ಜೆಬೆಲ್ ಅಲಿಯ ಆಫೀಸಿನಲ್ಲಿ ಮುಹಿಯುದ್ದೀನ್ ಚಹಾ ತರಿಸಿದರು. ಸ್ವರ್ಣಲತಾ ಬಾಟಲಿಯನ್ನು ಮೇಜಿನ ಮೇಲಿಟ್ಟಳು.

“ಏನಮ್ಮಾ ಇದು? ಮೈದಾ ಹಿಟ್ಟಾ?”

“ಒಬ್ಬ ಗಂಡಸಿನ ಒಂದು ವಾರದ ಬಟ್ಟೆಯಿಂದ ಬಂದದ್ದು ಸರ್.”

ಅವರು ಮುಚ್ಚಳಕ್ಕೆ ಕೈ ಹಾಕಿದರು.

“ತೆಗೀಬೇಡಿ ಸರ್! ಎಸಿ ಉಂಟು, ಕೋಣೆಯಿಡೀ ಹಾರ್ತದೆ.”

ಅವರ ಕೈ ಥಟ್ಟನೆ ಹಿಂದಕ್ಕೆ ಹೋಯಿತು. ಆಗ ಸ್ವರ್ಣಲತಾಳ ಹೆದರಿಕೆ ಎಲ್ಲಿ ಹೋಯಿತೋ!

“ನೋಡಿ ಸರ್, ಒಂದು ಸಲ ತೆಗೀಲಿಕ್ಕೆ ನಿಮಗೆ ಭಯ ಆಯ್ತು. ನಮ್ಮ ಕೋಣೆಯಲ್ಲಿ ಇದು ದಿನಾ ತೆರೀತದೆ. ಅಲ್ಲಿ ಐದು ವರ್ಷದ ಮಗು ಮಲಗ್ತದೆ. ನಾವು ದುಡ್ಡು ಕೇಳ್ಲಿಕ್ಕೆ ಬಂದದ್ದಲ್ಲ. ನಾಲ್ಕು ಬಾತ್‌ರೂಮ್ ಖಾಲಿ ಮಾಡಿಸಿ. ಬಸ್ಸನ್ನು ಇಪ್ಪತ್ತು ನಿಮಿಷ ನಿಲ್ಲಿಸಿ. ಕೆಲಸದ ಬಟ್ಟೆ ಇಲ್ಲಿಯೇ ಒಗೆಯುವ ಹಾಗೆ ಮಾಡಿ. ಅಷ್ಟೇ.”

“ವರ್ಕ್‌ಶಾಪಿನ ಹದಿನಾಲ್ಕು ಜನರ ಎದೆಯ ಎಕ್ಸ್‌ರೇಯನ್ನೂ ತೆಗೆಸಿ,” ಎಂದು ಜೋಯ್ಲಿನ್ ಸೇರಿಸಿದಳು. “ಕಲ್ಲು ಕತ್ತರಿಸುವಾಗ ಧೂಳು ಹಾರದ ಹಾಗೆ ನೀರು ಬಿಡಿಸಿ. ಬಟ್ಟೆಯ ಮಾಸ್ಕ್ ಸಾಲುದಿಲ್ಲ, ಧೂಳು ತಡೆಯುವ ಸರಿಯಾದ ಮಾಸ್ಕ್ ಕೊಡಿ.”

ಮುಹಿಯುದ್ದೀನ್ ಬಾಟಲಿಯನ್ನು ಮೆಲ್ಲಗೆ ಬದಿಗೆ ಸರಿಸಿದರು. “ನನ್ನ ಹೆಂಡತಿ ಬಂದು ಹೀಗೆ ಕೇಳಿದ್ದರೆ ನಾನು ಏನು ಹೇಳ್ತಿದ್ದೆ?” ಎಂದು ತಮ್ಮಷ್ಟಕ್ಕೇ ಗೊಣಗಿ, ಫೋನೆತ್ತಿದರು. “ಆ ಕಾರ್ಟನ್ನುಗಳನ್ನು ಇವತ್ತೇ ತೆಗೆಸಿ. ಹೌದು, ಇವತ್ತೇ!”

ಮೂವರೂ ಗೇಟು ದಾಟುವವರೆಗೆ ಉಸಿರು ಬಿಗಿಹಿಡಿದು ನಡೆದರು. ದಾಟಿದ್ದೇ ತಡ, ರಸ್ತೆಯಲ್ಲೇ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದರು.

ಮುಂದಿನ ವಾರ ಸುಜಿತ್ ಒಗೆದ ಅಂಗಿ ಹಾಕಿ, ತಲೆ ಬಾಚಿ ಮನೆಗೆ ಬಂದ. ಮಗು ಓಡಿ ಬಂದು ತಬ್ಬಿಕೊಂಡಿತು. ಪುಡಿ ಏಳಲಿಲ್ಲ.

“ಶುರುವಿಗೆ ನಾಚಿಕೆ ಆಯ್ತು ಮಾರಾಯ್ತಿ,” ಎಂದ ಅವನು. “ಈಗ ಬಸ್ಸಲ್ಲಿ ಎಲ್ಲರದ್ದೂ ಸೋಪಿನ ವಾಸನೆ. ನೀನು ಹೋದದ್ದೇ ಒಳ್ಳೇದಾಯ್ತು. ನಾನಾಗಿದ್ರೆ ಕೇಳ್ತಿರ್ಲಿಲ್ಲ.”

ಅಣ್ಣಂದಿರೇ, ಅಕ್ಕಂದಿರೇ, ಕಲ್ಲು, ಸಿಮೆಂಟು, ಪೇಂಟು, ಯಾವ ಕೆಲಸವೇ ಇರಲಿ, ಕೆಲಸದ ಧೂಳನ್ನು ಮನೆಗೆ ತರಬೇಡಿ. ಅಲ್ಲೇ ಸ್ನಾನ ಮಾಡಿ, ಅಲ್ಲೇ ಬಟ್ಟೆ ಬದಲಿಸಿ. ತರಲೇಬೇಕಾದರೆ ಚೀಲದಲ್ಲಿ ಕಟ್ಟಿ ತನ್ನಿ. ಕೊಡವಬೇಡಿ, ಮೊದಲು ನೀರಲ್ಲಿ ಮುಳುಗಿಸಿ, ಮಕ್ಕಳ ಬಟ್ಟೆಯ ಜೊತೆ ಸೇರಿಸದೆ ಬೇರೆ ಒಗೆಯಿರಿ. ಬಿಡದ ಕೆಮ್ಮಿದ್ದರೆ ಡಾಕ್ಟರರಿಗೆ ನಿಮ್ಮ ಕೆಲಸ ಏನೆಂಬುದನ್ನೂ ಹೇಳಿ. ನಿಮ್ಮ ಕಂಪನಿಯಲ್ಲಿ ಬಚ್ಚಲು ಇಲ್ಲವೇ? ನಾಲ್ಕು ಜನ ಸೇರಿ, ಮರ್ಯಾದೆಯಿಂದ, ಇಂಥದ್ದೇ ಬೇಕು ಎಂದು ಬಿಡಿಸಿ ಕೇಳಿ. ನಾಳೆ ಎನ್ನದೆ ಕೇಳಿ.

ನಾಳೆ ಎಂದರೆ ಏನಾಗುತ್ತದೆ ಎಂಬುದನ್ನೂ ಮುಚ್ಚಿಡಬಾರದು. ಅಶ್ಮಿತಾಳ ಕೆಮ್ಮು ಒಂದೂವರೆ ತಿಂಗಳಲ್ಲಿ ನಿಂತಿತು. ಸುಜಿತ್‌ನ ಕೆಲಸ ಉಳಿಯಿತು. ಎಕ್ಸ್‌ರೇ ತೆಗೆಸಿದ ಹದಿನಾಲ್ಕು ಜನರಲ್ಲಿ ಹದಿಮೂರು ಮಂದಿಯ ಎದೆ ಚೆನ್ನಾಗಿತ್ತು. ನಿಝಾಮ್‌ನ ಶ್ವಾಸಕೋಶದಲ್ಲಿ ಧೂಳು ಕೂತು ಆದ ಗಾಯದ ಗುರುತು ಕಂಡಿತು. ಅವನನ್ನು ಅದೇ ಸಂಬಳಕ್ಕೆ ಸ್ಟೋರಿನ ಕೆಲಸಕ್ಕೆ ಹಾಕಿದ್ದಾರೆ. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ. ಆ ಗಾಯ ವಾಸಿಯಾಗುವಂಥದ್ದಲ್ಲ.