ಹೋಗಿದ್ದಾರೆ, ಹೋಗಿ ಬಂದಿದ್ದಾರೆ

ಖಾಸಗಿಯಾಗಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರುತ್ತೇನೆಂದು ಸಿರಾದ ಜಹೀದಾ ತೀರ್ಮಾನಿಸಿದಾಗ ಬೇಡವೆನ್ನುವುದಕ್ಕೆ ಮನೆಯಲ್ಲಿ ಯಾರೂ ಇರಲಿಲ್ಲ. ಗಂಡ ಕುತುಬುದ್ದೀನ್ ದರ್ಜಿ. ೧೯೫೪ರಲ್ಲಿ ಬೊಂಬಾಯಿಗೆ ಹೋದವನು ಮೊದಮೊದಲು ಸುದ್ದಿ ಕಳಿಸುತ್ತಿದ್ದ, ಆಮೇಲೆ ಅದೂ ನಿಂತಿತು. ಅತ್ತೆ ತೀರಿಕೊಂಡರು. ಜಹೀದಾ ಹಗಲೆಲ್ಲ ಅವನು ಬಿಟ್ಟುಹೋದ ಮಿಷನ್ನಿನಲ್ಲಿ ರವಿಕೆ ಹೊಲಿಯುತ್ತಿದ್ದಳು. ಸಂಜೆ ಅದರ ಸದ್ದು ನಿಂತರೆ ಮನೆಯೇ ಉಸಿರು ಬಿಗಿಹಿಡಿದಂತಾಗುತ್ತಿತ್ತು.

ಇಂಗ್ಲಿಷ್ ಹೇಳಿಕೊಡಲು ಒಪ್ಪಿದವರು ಹೆಣ್ಣುಮಕ್ಕಳ ಶಾಲೆಯ ಪಾಪಕ್ಕ. ಮದುವೆಯಾಗದ ಹೆಂಗಸು, ಒಬ್ಬರೇ ಇದ್ದರು. ಸಂಜೆ ಬಾಗಿಲು ತಟ್ಟುವವರೊಬ್ಬರು ಸಿಕ್ಕಿದ್ದು ಅವರಿಗೂ ಹಿತವಾಗಿತ್ತು.

ಒಂದು ಸಂಜೆ ಮನೆಯವರ ಬಗ್ಗೆ ಒಂದು ವಾಕ್ಯ ಹೇಳಲು ಕೇಳಿದರು. ಜಹೀದಾ ಯೋಚಿಸಿ, "ಮೈ ಹಸ್ಬೆಂಡ್ ಹ್ಯಾಸ್ ಬೀನ್ ಟು ಬಾಂಬೆ" ಅಂದಳು.

"ಅಂಗಲ್ಲ ಕಣಮ್ಮ. ಹ್ಯಾಸ್ ಬೀನ್ ಅಂದ್ರೆ ಹೋಗಿ ಬಂದವ್ರೆ ಅಂತ. ಹ್ಯಾಸ್ ಗಾನ್ ಅಂದ್ರೆ ಹೋಗವ್ರೆ, ಇನ್ನೂ ಬಂದಿಲ್ಲ."

"ಬರ್ತಾರೆ ಮಿಸ್. ಬಂದ್ಮೇಲೆ ಸರಿಯಾಗ್ತದಲ್ಲ?"

ಪಾಪಕ್ಕ ಪುಸ್ತಕದಿಂದ ತಲೆಯೆತ್ತಲಿಲ್ಲ. "ಆಗ್ತದೆ. ಸದ್ಯಕ್ಕೆ ಗಾನ್ ಅನ್ನು."

ಆ ಬೇಸಿಗೆಯಲ್ಲಿ ಅವಳ ಚಿಕ್ಕಪ್ಪ ಬಾಷಾ ಸಾಬ್, ಇನ್ನು ಕಾಯುವುದರಲ್ಲಿ ಅರ್ಥವಿಲ್ಲವೆಂದು ತಾವೇ ಬೊಂಬಾಯಿಗೆ ಹೊರಟರು. ವಾಪಸು ಬಂದವರು ಹೊಸಿಲಲ್ಲೇ ನಿಂತರು.

"ಸಿಕ್ಕಿದ ಬೇಟಿ. ಚೆನ್ನಾಗವ್ನೆ. ಅಲ್ಲೇ ಇನ್ನೊಂದು ಸಂಸಾರ ಮಾಡ್ಕೊಂಡವ್ನೆ, ಮಕ್ಕಳೂ ಅವೆ. ಬರಾಕಿಲ್ಲ ಚಾಚಾ ಅಂದ್ಬುಟ್ಟ."

"ನನ್ನ ಬಗ್ಗೆ ಏನಾದ್ರೂ ಕೇಳಿದ್ರಾ?"

ಬಾಷಾ ಸಾಬ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನಂಗೆ ಒಂದ್ಲೋಟ ನೀರು ಕೊಡಮ್ಮ" ಅಂದರು.

ಅವಳು ನೀರು ಕೊಟ್ಟಳು. ಆ ಸಂಜೆಯೂ ಪಾಠ ತಪ್ಪಿಸಲಿಲ್ಲ. ಮುಖ ನೋಡಿದ ಪಾಪಕ್ಕ, "ಯಾಕಮ್ಮ, ಏನಾಯ್ತು?" ಅಂದರು. ಕನ್ನಡದಲ್ಲಾಗಲಿ ಉರ್ದುವಿನಲ್ಲಾಗಲಿ ಆ ಮಾತು ಅವಳ ಬಾಯಿಗೆ ಬರಲೊಲ್ಲದು. ಕೊನೆಗೆ ನಿಧಾನವಾಗಿ ಅಂದಳು: "ಮೈ ಅಂಕಲ್ ಹ್ಯಾಸ್ ಬೀನ್ ಟು ಬಾಂಬೆ. ಮೈ ಹಸ್ಬೆಂಡ್ ಹ್ಯಾಸ್ ಗಾನ್."

ಪಾಪಕ್ಕ ದೀಪ ಸರಿಸಿ ಪಕ್ಕಕ್ಕೆ ಬಂದು ಕೂತರು. "ಎರಡೂ ಸರಿಯಾಗವೆ ಕಣಮ್ಮ" ಅಂದರು. ಆಗ ಅವಳು ಅತ್ತಳು. ಅಳು ನಿಂತ ಮೇಲೆ ಪಾಪಕ್ಕ ಒಳಗೆ ಹೋಗಿ ತಟ್ಟೆಗೆ ಮುದ್ದೆ ಬಡಿಸಿಕೊಂಡು ಬಂದರು.

ಜಹೀದಾ ಪಾಸಾದಳು. ಟ್ರೈನಿಂಗ್ ಮುಗಿಸಿದ ಮೇಲೆ ಪಟ್ಟನಾಯಕನಹಳ್ಳಿಯ ಶಾಲೆಗೆ ಕೆಲಸ ಬಂತು. ಅಷ್ಟರಲ್ಲಿ ಪಾಪಕ್ಕನಿಗೆ ಪಾವಗಡಕ್ಕೆ ವರ್ಗವಾಗಿತ್ತು. ಬಸ್ಸಿನ ಕಿಟಕಿಯಿಂದ, "ರಜಕ್ಕೆ ಬಾರಮ್ಮ" ಅಂದಿದ್ದರು. ಬರುತ್ತೇನೆಂದು ಇವಳೂ ಅಂದಿದ್ದಳು.

ಹಳ್ಳಿಯಲ್ಲಿ ಅವಳಿಗೆ ಸಿಕ್ಕಿದ್ದು ಕುರುಬರ ಭೀಮಕ್ಕನ ಮನೆಯ ಪಕ್ಕದ ಕೋಣೆ. ಮೊದಲ ದಿನ ಶಾಲೆ ಬಿಟ್ಟು ಬಂದಾಗ ಕುರಿಗಳೆಲ್ಲ ದೊಡ್ಡಿ ಸೇರುತ್ತಿದ್ದವು, ಬೀದಿಯಲ್ಲಿ ತಾಯಂದಿರು ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಿದ್ದರು.

"ಮೇಡಮ್ಮ, ನಿಮ್ ಕಡೇರು ಯಾವಾಗ ಬತ್ತಾರೆ?" ಎಂದು ಭೀಮಕ್ಕ ಕೇಳಿದಳು.

"ನಾನೊಬ್ಬಳೇ ಭೀಮಕ್ಕ" ಅಂದು ಜಹೀದಾ ಒಳಗೆ ಹೋಗಿ ಒಲೆ ಹೊತ್ತಿಸಿದಳು.