ಕೆಂಚನ ಬೋನು

ಹೊಸ ಪ್ಲಾಸ್ಟಿಕ್ಕಿನ ನಾತ, ಕಾಫಿ ಲೋಟದೊಳಕ್ಕೂ ಇಳಿದಿದೆ ಹಾಳಾದ್ದು, ಹದಿನೈದು ದಿನದಿಂದ ಜಗಲಿಯ ಮೇಲೆ ಬಾಯಿ ತೆರೆದು ಕೂತಿದೆ ಆ ನಾಯಿಪೆಟ್ಟಿಗೆ — ಕ್ರೇಟು ಅನ್ನಬೇಕಂತೆ, ಸುವರ್ಣಮ್ಮ ಮಾತ್ರ ಬೋನು ಅಂತಲೇ ಅನ್ನುವುದು, ಹೊನ್ನವಳ್ಳಿ ತೋಟದಲ್ಲಿ ಚಿರತೆಗೆ ಇಟ್ಟಿದ್ದು ಇದರ ಅಣ್ಣನೇ ಅಲ್ಲವೇ, ಅಲ್ಲಿ ಒಳಗೆ ಮೇಕೆ ಕಟ್ಟಿದ್ದರು, ಇಲ್ಲಿ ತಂಗಿ ನಯನ ತನ್ನ ಚೂಡಿದಾರ ಹಾಸಿದ್ದಾಳೆ, ನನ್ನ ವಾಸ್ನೆ ಇದ್ರೆ ಹತ್ತುತ್ತೆ ಕಣಕ್ಕ, ಎಲ್ಲಿ ಹತ್ತಿತು, ನಾಯಿ ಕೆಂಚ ಬಂದು ಮೂಸುತ್ತಾನೆ, ಹಿಂದೆ ಸರಿಯುತ್ತಾನೆ, ಹೋಗಿ ತೆಂಗಿನ ಮಟ್ಟೆಯ ರಾಶಿಯ ಮೇಲೆ ಮಲಗುತ್ತಾನೆ, ದಿನವೂ ಹೀಗೇ, ದಿನವೂ ಸುವರ್ಣಮ್ಮನಿಗೆ ಒಳಗೊಳಗೇ ಖುಷಿ. ವಿಮಾನದಲ್ಲಿ ಚಂಡೀಗಢಕ್ಕೆ, ನಾಯಿ! ಅವಳು ವಿಮಾನ ಕಂಡಿರುವುದು ತೆಂಗಿನ ಗರಿಗಳ ಸಂದಿಯಲ್ಲಿ, ಅದೂ ಸದ್ದು ಕೇಳಿ ತಲೆ ಎತ್ತುವಷ್ಟರಲ್ಲಿ ಹೋಗಿಬಿಟ್ಟಿರುತ್ತದೆ, ನಿನ್ಗಿಂತ ಮುಂಚೆ ನಾಯಿ ಹಾರ್ತದೆ ಕಣೇ ಎಂದು ಗಂಡ ತೋಂಟದಾರ್ಯ ನಕ್ಕ, ನಗಲಿ, ಹಾರುವ ಆಸೆ ಅವಳಿಗಿಲ್ಲ — ಇದೆ, ಇರಲಿ, ಅದಲ್ಲ ಈಗಿನ ಮಾತು. ನಯನಳ ಮೇಲೆ ಹೊಟ್ಟೆಕಿಚ್ಚು, ಅದಕ್ಕೆ ಬೇರೆ ಹೆಸರು ಯಾಕೆ ಇಡಬೇಕು, ನರ್ಸಿಂಗ್ ಓದಿದ್ದು ಅವಳು, ಊರೂರು ಕಂಡಿದ್ದು ಅವಳು, ಈಗ ನಾಯಿಯೂ ಅವಳಿಗೇ. ತಿಪಟೂರು ಬಸ್ ಸ್ಟ್ಯಾಂಡಿನಿಂದ ಮರಿಯನ್ನು ಎತ್ತಿಕೊಂಡು ಬಂದವಳು ನಯನಳೇ, ಸುಳ್ಳು ಹೇಳಬಾರದು, ಹಾಸ್ಟೆಲಲ್ಲಿ ಬಿಟ್ಕೊಳಲ್ಲ ಅಕ್ಕ, ಎರಡೇ ತಿಂಗ್ಳು ನೋಡ್ಕೊ, ಮೂರು ವರ್ಷವಾಯಿತು ಆ ಎರಡು ತಿಂಗಳು, ಮುದ್ದೆ ಹಿಸುಕಿ ಹಾಕಿದವಳು ಯಾರು, ಕಿವಿಯ ಉಣ್ಣಿ ಕಿತ್ತವಳು ಯಾರು, ಈಗ ಚಂಡೀಗಢದಲ್ಲಿ ಕೆಲಸ, ಬಾಡಿಗೆ ಮನೆ ಸಿಕ್ಕಿತಂತೆ, ಬಂದಳು, ಬ್ರೂನೋ ಎಂದು ಕರೆದಳು, ಅದಕ್ಕೂ ಬಾಲ ಅಲ್ಲಾಡಿಸಿದ ಆ ಲಜ್ಜೆಗೆಟ್ಟವನು.

ಹತ್ತಕ್ಕೆ ಕಾರು ಬರುತ್ತದೆ, ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ, ಪೆಟ್ಟಿಗೆಯೊಳಗೆ ಸುಮ್ಮನಿರದ ನಾಯಿಯನ್ನು ವಿಮಾನದವರು ಹತ್ತಿಸಿಕೊಳ್ಳುವುದಿಲ್ಲ, ನೂಕಿ ಬಾಗಿಲು ಹಾಕಿದರೆ ತಲೆ ಚಚ್ಚಿಕೊಂಡು ಸಾಯುತ್ತೆ ಎಂದು ಪಶು ಡಾಕ್ಟರೂ ಹೆದರಿಸಿದ್ದಾರೆ, ಬೆಳಿಗ್ಗೆಯೇ ನಯನ ಸೋತು ಹೇಳಿದಳು, ಇವತ್ತೂ ತಾನಾಗಿ ಹತ್ತಲಿಲ್ಲ ಅಂದ್ರೆ ಇಲ್ಲೇ ಬುಟ್ಟು ಹೋಯ್ತೀನಿ ಕಣಕ್ಕ, ನಿನ್ಹತ್ರಾನೇ ಇರ್ಲಿ, ಅಯ್ಯೋ ಪಾಪ ಎಂದಳು ಸುವರ್ಣಮ್ಮ, ಬಾಯಿಮಾತಿಗೆ. ಒಂಬತ್ತೂವರೆ. ಇನ್ನು ಅರ್ಧ ಗಂಟೆ ಕಾಫಿ ಕುಡಿಯುತ್ತಾ ಸುಮ್ಮನೆ ಕೂತಿದ್ದರೆ ಸಾಕು, ಕೆಂಚ ತನ್ನವನು, ಸುಮ್ಮನೆ ಕೂತಿದ್ದರೆ — ಅಷ್ಟರಲ್ಲಿ ಕೆಂಚ ರಾಶಿಯಿಂದೆದ್ದು ಬಂದು ನಯನಳ ತೊಡೆಯ ಮೇಲೆ ತಲೆಯಿಟ್ಟ, ಕಣ್ಣು ಮುಚ್ಚಿ, ಇವಳ ಕಡೆ ನೋಡದೆಯೇ, ನೋಡಕ್ಕ, ಕ್ರೇಟು ಬೇಡ, ನಾನು ಬೇಕು ಇವನ್ಗೆ, ಎಷ್ಟೇ ಆದ್ರೂ ಮೊದ್ಲು ಎತ್ಕೊಂಡೋಳು ನಾನಲ್ವಾ, ಎತ್ತಿಕೊಂಡಳಂತೆ, ಎತ್ತಿಕೊಂಡು ಇಳಿಸಿ ಹೋದವಳು, ಯಾರ ನಾಯಿ ಇದು, ತೋರಿಸುತ್ತೇನೆ ಇವಳಿಗೆ, ಕಾಫಿ ಚೆಲ್ಲಿತು, ಚೆಲ್ಲಲಿ, ಅಟ್ಟದ ಏಣಿ, ಮೊಳೆಗೆ ತಗಲುಹಾಕಿದ್ದ ಹಳೇ ಸೀರೆ, ಕೊಬ್ಬರಿಗೆ ಬಿಟ್ಟ ಕಾಯಿಗಳನ್ನು ತಿರುವಿಹಾಕಲು ಅಟ್ಟ ಹತ್ತುವಾಗ ಉಡುವುದು, ಒಗೆದರೂ ಹೋಗದ ಹೊಗೆ, ಎಣ್ಣೆ, ಅವಳ ಬೆವರು, ಚೂಡಿದಾರವನ್ನು ಎಳೆದು ಆಚೆ ಎಸೆದಳು, ಸೀರೆ ತುರುಕಿದಳು, ಬಾರ್ಲಾ ಕೆಂಚ, ಈಗ ಹೇಳು, ಯಾರ ವಾಸ್ನೆ ಬೇಕು ನಿಂಗೆ —

ತಲೆ ಎತ್ತಿದ, ಮೂಗು ಅರಳಿಸಿದ, ತೊಡೆ ಬಿಟ್ಟ, ನೋಡೇ ನಯನ, ಬಿಟ್ಟ, ಓಡಿ ಬಂದ, ತಲೆ ಹಾಕಿದ, ಮುಂಗಾಲು, ಹಿಂಗಾಲು, ಇಡೀ ಮೈ, ಗೆದ್ದೆ, ನನ್ನವನು, ನನ್ನ ಕೆಂಚ, ಒಳಗೆ ಎರಡು ಸುತ್ತು ತಿರುಗಿ ಸೆರಗಿಗೆ ಮೂಗು ತೂರಿಸಿ ಮಲಗಿದ, ಅಯ್ಯೋ ಹತ್ಬುಟ್ಟ ಕಣಕ್ಕ, ನಿನ್ನ ಹೊಟ್ಟೆ ತಣ್ಣಗಿರ್ಲಿ, ನಯನ ಚಪ್ಪಾಳೆ ಹೊಡೆಯುತ್ತಿದ್ದಾಳೆ, ಟಕ್ಕೆಂದು ಚಿಲಕ ಹಾಕಿಯೂಬಿಟ್ಟಳು, ಗೆದ್ದೆನಲ್ಲ, ಏನು ಗೆದ್ದೆ, ಬಾರ್ಲಾ ಆಚೆ, ಬಾ, ಅವನು ಏಳುವುದಿಲ್ಲ, ಕೂಗುವುದಿಲ್ಲ, ಬಾಗಿಲು ಪರಚುವುದಿಲ್ಲ, ಬೀದಿಯಲ್ಲಿ ಕಾರಿನ ಹಾರನ್ನು, ಕಂಬಿಯ ಆಚೆ ಅವನಿಗೆ ಹಾಯಾಗಿ ನಿದ್ದೆ ಹತ್ತುತ್ತಿದೆ, ಅವಳ ಸೆರಗಿನೊಳಗೆ ಮೂಗು, ಸೆರಗಿನೊಳಗೆ ಮೂಗು.